ಬದನಿ ಹೂವಿಗೆ ಕಟ್ಟಿದ ಕೆಂಪು ದಾರ

ಅದು ೧೯೮೮ನೇ ಇಸವಿ. ನನ್ನ ನಾದಿನಿ ಶಾಂತಾಳ ಲಗ್ನ ಗೊತ್ತಾದ ವರ್ಷ. ನಮ್ಮ ಓಣಿಯ ತೋಟ ಹುಟ್ಟಿದ್ದೂ ಅದೇ ವರ್ಷ. ಲಗ್ನಕ್ಕೂ ತೋಟಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಆಗ ನಾನೂ ಅದನ್ನೇ ಕೇಳುತ್ತಿದ್ದೆ. ಇಷ್ಟು ವರ್ಷ ಕಳೆದರೂ ಆ ನಾಲ್ಕು ತಿಂಗಳು ನೆನಪಾದರೆ ತಲೆ ಗಿರ್ ಅನ್ನುತ್ತದೆ.

ನಾನು ಗುತ್ತಲದವಳು. ಅಪ್ಪನದು ಕಿರಾಣಿ ಅಂಗಡಿ. ಹೊಲಮನಿ ಕೆಲಸದ ಗಂಧ ನನಗಿರಲಿಲ್ಲ. ರಾಣೆಬೆನ್ನೂರಿಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ನಮ್ಮನೆಯವರು ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು, ಮುಂಜಾನೆ ಹೋದರೆ ರಾತ್ರಿ ಊಟಕ್ಕೇ ಬರುವುದು. ನಾನು ಮನೆಯಲ್ಲಿ ಮಷಿನ್ ಇಟ್ಟುಕೊಂಡು ಓಣಿಯ ಹೆಣ್ಣುಮಕ್ಕಳ ಜಂಪರು ಹೊಲಿಯುತ್ತಿದ್ದೆ. ನಮ್ಮ ಅತ್ತಿ ಗಿರಿಜವ್ವ, ಗಂಡ ತೀರಿಕೊಂಡ ಮೇಲೆ ಬೀಜದ ಕಂಪನಿಯವರ ಪ್ಲಾಟುಗಳಿಗೆ ಇಪ್ಪತ್ತು ವರ್ಷ ಕೂಲಿಗೆ ಹೋಗಿ ಇಬ್ಬರು ಮಕ್ಕಳನ್ನು ಸಾಕಿದವರು. ಆ ಕೆಲಸಕ್ಕೆ 'ಕ್ರಾಸಿಂಗ್' ಅನ್ನುತ್ತಿದ್ದರು. ಆ ಮಾತು ರಾಣೆಬೆನ್ನೂರಲ್ಲಿ ಎಲ್ಲರ ಬಾಯಲ್ಲೂ ಇರುವುದೇ. ನಾನೂ ಕೇಳಿದ್ದೆ, ಕೇಳಿ ಬಿಟ್ಟಿದ್ದೆ. ಮಗ ದುಡಿಯಲು ಹತ್ತಿದ ಮೇಲೆ ಅತ್ತಿ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದರು. ನಮ್ಮ ಓಣಿಯೆಂದರೆ ಅಂಗಡಿಕಾರರು, ನೌಕರಿಯವರು. ಅಲ್ಲಿಂದ ಪ್ಲಾಟಿಗೆ ಹೋದವರು ಇಬ್ಬರೇ. ಒಬ್ಬರು ಅತ್ತಿ, ಇನ್ನೊಬ್ಬಳು ಮೂಲೆಮನೆಯ ಫಕ್ಕೀರವ್ವ. ಅವಳು ವಿಧವೆ, ಮಕ್ಕಳಿಲ್ಲ, ಮಾತೂ ಕಡಿಮೆ.

ಶಾಂತಾಳಿಗೆ ಗೊತ್ತಾಗಿದ್ದು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದವರ ಮನೆ. ನಮ್ಮಂಥವರಿಗೆ ಅದು ದೊಡ್ಡ ಸಂಬಂಧ. ಅದಕ್ಕೆ ಮೊದಲು ಒಂದು ಸಂಬಂಧ ಎಲ್ಲ ಮಾತಾಗಿ ಮುರಿದಿತ್ತು. ನಮ್ಮ ಮಾವನ ಕಡೆ ಯಾರಿಗೋ ತಲೆ ಸರಿ ಇರಲಿಲ್ಲವಂತೆ ಎಂದು ಯಾರೋ ಪುಣ್ಯಾತ್ಮರು ಗಂಡಿನವರ ಕಿವಿ ಊದಿದ್ದರು. ಅವರು ಮರುದಿನವೇ ಒಲ್ಲೆ ಅಂದರು. ಶಾಂತಾ ಎಂಟು ದಿನ ಅನ್ನ ಬಿಟ್ಟಿದ್ದಳು. ಹಾಗಾಗಿ ಈ ಸಂಬಂಧಕ್ಕೆ ಏನೂ ಆಗಬಾರದು ಅಂತ ಮನೆಯಲ್ಲಿ ಎಲ್ಲರೂ ಉಸಿರು ಬಿಗಿ ಹಿಡಿದುಕೊಂಡಿದ್ದೆವು.

ಇನ್ನು ತೋಟದ ಕಥೆ. ಓಣಿಯ ಕೊನೆಗೆ, ನಮ್ಮ ಮನೆ ದಾಟಿದರೆ, ಹಳೇ ಗೋದಾಮಿನ ಹಿಂದೆ ಒಂದು ಖುಲ್ಲಾ ಜಾಗ ಇತ್ತು. ಕಸ, ಗಾಜಿನ ಚೂರು, ಜಾಲಿ, ಹಂದಿ, ಏನು ಬೇಕು ಎಲ್ಲ ಇತ್ತು. ಕಮಲಾ ಅಕ್ಕೋರು ಅಂತ ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು ನಮ್ಮ ಓಣಿಯಲ್ಲಿದ್ದರು. ಅವರು ಆ ಬ್ಯಾಸಗಿಯಲ್ಲಿ ಮನೆಮನೆಗೆ ಬಂದು, ಮನೆಗೊಬ್ಬರು ದಿನಕ್ಕೊಂದು ತಾಸು ಬಂದರೆ ಸಾಕು, ಅಲ್ಲಿ ಕಾಯಿಪಲ್ಲೆ ಬೆಳೆಯೋಣ ಅಂದರು. ಅಕ್ಕೋರ ಮುಂದೆ ಇಲ್ಲ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಅರ್ಧ ಓಣಿ ಅವರ ಕೈಯಲ್ಲೇ ಅಕ್ಷರ ತಿದ್ದಿತ್ತು. ಮಳೆಗಾಲ ಹಿಡಿಯುವ ಹೊತ್ತಿಗೆ ಬೇಲಿ ಆಯಿತು, ಮಡಿ ಆದವು. ಟೊಮೆಟೊ, ಮೆಣಸಿನಗಿಡ, ಮೆಂತ್ಯೆ, ನಾಲ್ಕು ಸಾಲು ಬದನಿ.

ಖರೇ ಹೇಳಬೇಕೆಂದರೆ ನಾನು ಬೈದುಕೊಳ್ಳುತ್ತಲೇ ಹೋದವಳು. ಹೊಲಿಗೆ ಬಿಟ್ಟು ಮಣ್ಣು ಕೆದರುವುದೇನು ಅಂತ. ಆದರೆ ತಿಂಗಳೊಪ್ಪತ್ತಿನಲ್ಲಿ ಮಷಿನ್ ತುಳಿದು ಹಿಡಿದಿದ್ದ ಸೊಂಟದ ನೋವು ಇಳಿಯಿತು. ಮೂರು ವರ್ಷದಿಂದ ಮುಖ ನೋಡಿ ಬಾಗಿಲು ಹಾಕಿಕೊಳ್ಳುತ್ತಿದ್ದ ಎದುರುಮನೆಯವರು ಈಗ ಕೂಗಿ ಚಹಾ ಕೊಡುತ್ತಿದ್ದರು. ಅತ್ತಿಯೂ ಬಂದು ಬೇವಿನ ಗಿಡದ ಕೆಳಗೆ ಕೂತು ನೋಡುತ್ತಿದ್ದರು. ಸೋಮವಾರ ಮಾತ್ರ ಯಾರೂ ಗುದ್ದಲಿ ಮುಟ್ಟುತ್ತಿರಲಿಲ್ಲ, ಅದು ಬಸವಣ್ಣನ ವಾರ. ಅವತ್ತು ಎಲ್ಲರೂ ಗಿಡದ ಕೆಳಗೆ ಕೂತು ಮುಂದಿನ ವಾರದ ಪಾಳಿ ಹಂಚಿಕೊಳ್ಳುತ್ತಿದ್ದೆವು. ಅಂಥ ಒಂದು ಸೋಮವಾರ ಅಕ್ಕೋರು, ತೋಟದ ಮೊದಲ ದೊಡ್ಡ ಕೊಯ್ಲಿನ ಬದನಿಕಾಯಿ ಶಾಂತಾನ ಲಗ್ನದ ಎಣ್ಣಿಗಾಯಿಗೆ ಅಂತ ಸಾರಿಬಿಟ್ಟರು. ನನಗೆ ಕಣ್ಣಲ್ಲಿ ನೀರೇ ಬಂತು.

ಗಣಪತಿ ಹಬ್ಬ ಕಳೆದ ಹೊಸದು. ಮುಂಜಾನೆ ಬದನಿಗೆ ನೀರು ಹಾಕುವ ಪಾಳಿ ನನ್ನದು. ಒಂದು ಹೂವಿನ ತೊಟ್ಟಿಗೆ ಕೆಂಪು ದಾರದ ತುಂಡು ಕಟ್ಟಿದ್ದು ಕಂಡಿತು. ಯಾರೋ ಹುಡುಗರ ಆಟ ಅಂದುಕೊಂಡು ಪಕ್ಕದ ಗಿಡ ನೋಡಿದರೆ ಅಲ್ಲೂ ದಾರ. ಅದರ ಪಕ್ಕದ್ದಕ್ಕೂ ದಾರ. ಹೂವನ್ನು ಬಗ್ಗಿ ನೋಡಿದೆ. ಎಸಳು ಬಿಡಿಸಿ, ನಡುವಿನ ಹಳದಿಯನ್ನು ಯಾರೋ ಚಿವುಟಿ ತೆಗೆದಿದ್ದರು, ಒಂದು ಹಸಿರು ಸೂಜಿಯಂಥದ್ದು ಮಾತ್ರ ಉಳಿದಿತ್ತು. ನಾಲ್ಕೂ ಸಾಲು ಹಾಗೇ. ಟೊಮೆಟೊ, ಮೆಣಸಿನಗಿಡ ಯಾರೂ ಮುಟ್ಟಿರಲಿಲ್ಲ.

ಅಕ್ಕೋರಿಗೆ ತೋರಿಸಿದೆ. ಅವರು ಚಾಳೀಸು ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಏನೂ ತಿಳಿಯಲಿಲ್ಲ. ಮುಂದಿನ ದಿನಗಳಲ್ಲಿ ಆ ಹೂವುಗಳೆಲ್ಲ ಒಣಗಿ ಉದುರಿದವು. ಹೊಸ ಮೊಗ್ಗು ಬಂದರೆ ಅದಕ್ಕೂ ಮರುದಿನ ದಾರ. ಬದನಿ ಗಿಡ ಎದೆಮಟ್ಟ ಬೆಳೆದಿತ್ತು, ಕಾಯಿ ಮಾತ್ರ ಒಂದೂ ಇಲ್ಲ. ಓಣಿಯಲ್ಲಿ ಗುಸುಗುಸು ಶುರುವಾಯಿತು. ಕೆಂಪು ದಾರ, ಗಂಟು, ಹರಿದ ಹೂವು. ಅದೂ ಲಗ್ನಕ್ಕೆಂದು ಇಟ್ಟ ಬದನಿಗೇ ಯಾಕೆ? ಮಾಟ ಎಂಬ ಮಾತನ್ನು ಮೊದಲು ಯಾರು ಅಂದರೋ ನೆನಪಿಲ್ಲ. ನಾನೇ ಅಂದಿದ್ದರೂ ಆಶ್ಚರ್ಯವಿಲ್ಲ.

ಮನೆಗೆ ಒಂದು ದಾರ ತಂದು ನಮ್ಮನೆಯವರಿಗೆ ತೋರಿಸಿದೆ. ದಾರ ಐತಿ, ಹಾವಲ್ಲಲ್ಲ, ಅಂತ ಹೇಳಿ ಮಗ್ಗಲು ತಿರುಗಿ ಮಲಗಿದರು. ಅತ್ತಿಗೆ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಗಂಟು ಚಲೋ ಹಾಕ್ಯಾರ," ಅಂದರು.

ಇದೇನು ಮಾತು ಅಂತ ನನಗೆ ರೇಗಿತು. ಲಗ್ನದ ಮನೆಗೆ ಯಾರೋ ಮಾಟ ಮಾಡುತ್ತಿದ್ದಾರೆ ಅಂದರೆ ಇವರು ಗಂಟು ಹೊಗಳುತ್ತಾರೆ. ಆದರೆ ಮರುಗಳಿಗೆಯೇ ಅತ್ತಿಯೂ ಹೆದರಿ, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟು ಅಂದರು. ಕಟ್ಟಿದೆ.

ಆ ದಿನಗಳಲ್ಲಿ ಅತ್ತಿಯದೂ ಒಂದೊಂದು ವಿಚಿತ್ರ ಶುರುವಾಗಿತ್ತು. ಸಾರಿಗೆ ಎರಡು ಸಲ ಉಪ್ಪು ಹಾಕುವರು. ಹೇಳಿದರೆ ನೀನೇ ಹಾಕಿದ್ದು ಅಂತ ಜಗಳ. ಎಡಗೈ ಹೆಬ್ಬೆರಳಿನ ಉಗುರು ಉದ್ದ ಬಿಟ್ಟಿದ್ದರು, ತೆಗೆಯಿರಿ ಅಂದರೆ ಕೇಳುವವರಲ್ಲ. ಸಂಜೆಯಾದರೆ, ನಾಳೆ ಗಾಡಿ ಎಷ್ಟೊತ್ತಿಗೆ ಬರ್ತೈತಿ ಅಂತ ಕೇಳುವರು. ಲಗ್ನಕ್ಕೆ ಬ್ಯಾಡಗಿಗೆ ಹೋಗುವ ಗಾಡಿ ಅಂದುಕೊಂಡು, ಇನ್ನೂ ತಿಂಗಳ ಮೇಲೈತ್ರಿ ಅತ್ತಿ ಅನ್ನುತ್ತಿದ್ದೆ. ಮರುದಿನ ಮತ್ತೆ ಅದೇ ಪ್ರಶ್ನೆ. ವಯಸ್ಸಾದವರ ಹಠ ಅಂತ ನಾನು ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಹನುಮಪ್ಪನ ಗುಡಿಗೆ ಹೋಗಿ ಕೂತು ಬರುತ್ತೇನೆ ಅಂತ ಹೋಗುತ್ತಿದ್ದರು. ಅಷ್ಟು ಹೊತ್ತು ಮನೆ ತಣ್ಣಗಿರುತ್ತಲ್ಲ ಅಂತ ನನಗೂ ಹಿತವೇ ಆಗುತ್ತಿತ್ತು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಮಹಾನವಮಿಗೆ ಮುಂಚೆ ನನ್ನ ಕೆಂಪು ದಾರದ ರೀಲು ಕಾಣೆಯಾಯಿತು. ಶಾಂತಾಳ ಜಂಪರಿಗೆ ತಂದ ಹೊಸ ರೀಲು. ಹಿಂದಿನ ದಿನವಷ್ಟೇ ಫಕ್ಕೀರವ್ವ ಹರಿದ ಜಂಪರು ಹೊಲಿಸಲು ಬಂದು ಮಷಿನ್ ಪಕ್ಕದಲ್ಲೇ ಕೂತಿದ್ದಳು. ನನ್ನ ತಲೆಯಲ್ಲಿ ಟಕ್ ಅಂತ ಹೊಳೆಯಿತು. ಮರುದಿನ ಬೆಳಗಿಗೆ ಎಲ್ಲರಿಗಿಂತ ಮೊದಲೇ ತೋಟಕ್ಕೆ ಹೋದೆ. ಹೋಗಿ ನೋಡಿದರೆ ಬದನಿ ಸಾಲಿನಲ್ಲಿ ಫಕ್ಕೀರವ್ವ! ಎಡಗೈಯಲ್ಲಿ ಒಂದು ಸಣ್ಣ ಡಬ್ಬಿ. ಅದರಲ್ಲಿ ಏನೋ ಪುಡಿ. ಬೆರಳಲ್ಲಿ ಆ ಪುಡಿ ತೆಗೆದು, ದಾರ ಕಟ್ಟಿದ ಒಂದೊಂದು ಹೂವಿಗೂ ಮೆತ್ತಗೆ ಹಚ್ಚುತ್ತಿದ್ದಾಳೆ. ನನ್ನನ್ನು ನೋಡಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸರಸರ ಹೋಗಿಬಿಟ್ಟಳು. ಇನ್ನೇನು ಬೇಕು? ದಾರವೂ ಸಿಕ್ಕಿತು, ಪುಡಿಯೂ ಸಿಕ್ಕಿತು.

ಮುಂದಿನ ಸೋಮವಾರ ಗಿಡದ ಕೆಳಗೆ ಎಲ್ಲರೂ ಕೂತಿದ್ದಾಗ ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಹೇಳಿದೆ ಅಂದರೆ ಕೂಗಾಡಿದೆ. ನಮ್ಮ ಹುಡುಗಿಯ ಲಗ್ನ ಮುರಿಯಲು ಮಾಟ ಮಾಡುತ್ತಿದ್ದಾಳೆ, ಬಂಜೆಯ ಹೊಟ್ಟೆಕಿಚ್ಚು ಇದು, ಅಂತಲೂ ಅಂದೆ. ಆ ಮಾತು ನನ್ನ ಬಾಯಿಂದಲೇ ಬಂತು, ಬೇರೆ ಯಾರೂ ಅಂದಿದ್ದಲ್ಲ.

ಅಕ್ಕೋರು ಫಕ್ಕೀರವ್ವನ ಕಡೆ ತಿರುಗಿ, ಇದು ಹೌದೇನು ಅಂತ ಕೇಳಿದರು. ಅವಳು ಅಳುತ್ತಾಳೆ, ಆಣೆ ಹಾಕುತ್ತಾಳೆ, ನನ್ನ ಮೇಲೆ ಏರಿ ಬರುತ್ತಾಳೆ ಅಂತ ಎಲ್ಲರೂ ಕಾದೆವು. ಅವಳು ನಮ್ಮ ಹಿಂದೆ ಕೂತಿದ್ದ ಅತ್ತಿಯ ಕಡೆ ಒಮ್ಮೆ ನೋಡಿದಳು.

"ಹೌದ್ರಿ ಅಕ್ಕಾರ. ನಾನ ಕಟ್ಟೀನಿ," ಅಂದಳು. "ಇನ್ನ ತ್ವಾಟಕ್ಕ ಬರೂದಿಲ್ಲ, ಬಿಡ್ರಿ."

ಯಾಕೆ ಅಂತ ಅಕ್ಕೋರು ಎಷ್ಟು ಕೇಳಿದರೂ ಮತ್ತೊಂದು ಮಾತಾಡಲಿಲ್ಲ. ಆಗ ಅತ್ತಿಯೇ ನೊಂದುಕೊಂಡು, ಯಾಕ ಫಕ್ಕೀರಿ, ಹಿಂಗ್ಯಾಕ ಮಾಡಿದಿ, ಅಂದರು. ಅದಕ್ಕೆ ಫಕ್ಕೀರವ್ವ ಸಣ್ಣಗೆ ನಕ್ಕಳು. ನಕ್ಕು, ಎದ್ದು ಹೋದಳು. ಗೆದ್ದವಳು ನಾನು, ಆದರೆ ಆ ನಗು ನನಗೆ ಬಗೆಹರಿಯಲಿಲ್ಲ. ಮಾಟ ಮಾಡಿದವಳು ಇಷ್ಟು ಸಲೀಸಾಗಿ ಯಾಕೆ ಒಪ್ಪಿಕೊಂಡಳು?

ಅಕ್ಕೋರು ತೋಟದ ಬಾಗಿಲಿಗೆ ಕೀಲಿ ಹಾಕಿಸಿದರು. ಕೀಲಿಕೈ ನಮ್ಮ ಮನೆಯಲ್ಲಿ, ಯಾಕೆಂದರೆ ತೋಟಕ್ಕೆ ಹತ್ತಿರದ್ದು ನಮ್ಮ ಮನೆ. ಮಷಿನ್ ಮೇಲಿನ ಮೊಳೆಗೆ ನಾನೇ ತೂಗುಹಾಕಿದೆ. ಇನ್ನು ಯಾವಳು ಬರುತ್ತಾಳೋ ನೋಡೋಣ ಅಂದೆ.

ಮೂರನೇ ದಿನ ಮತ್ತೆ ದಾರ.

ಓಡಿಹೋಗಿ ಬಾಗಿಲು, ಬೇಲಿ ಎಲ್ಲ ನೋಡಿದೆ. ಕೀಲಿ ಹಾಕಿದ್ದು ಹಾಕಿದಂತೇ ಇತ್ತು. ಬೇಲಿ ಎಲ್ಲೂ ಮುರಿದಿರಲಿಲ್ಲ. ಇನ್ನೂ ವಿಚಿತ್ರವೆಂದರೆ, ಆ ಬೆಳಿಗ್ಗೆ ಫಕ್ಕೀರವ್ವ ಪುಡಿ ಹಚ್ಚಿದ ಹತ್ತಿಪ್ಪತ್ತು ಹೂವುಗಳು ಮಾತ್ರ ಉದುರದೆ ಕಾಯಿ ಹಿಡಿದಿದ್ದವು. ತೊಟ್ಟಿಗೆ ಕೆಂಪು ದಾರ, ಕೆಳಗೆ ಮಿರಿಮಿರಿ ಬದನಿಕಾಯಿ. ಮಾಟದ ಕಾಯಿ ತಿನ್ನುವವರು ಯಾರು? ಎಲ್ಲ ಹರಿದು, ಮೂರು ದಾರಿ ಕೂಡುವಲ್ಲಿ ಒಗೆದು, ಹಿಂದಿರುಗಿ ನೋಡದೆ ಬಂದೆವು. ಬರುವಾಗ ನನಗೆ ಸುಮ್ಮನೆ ಒಂದು ಅನುಮಾನ. ಹಾಳು ಮಾಡುವ ಮಾಟಕ್ಕೆ ಕಾಯಿ ಯಾಕೆ ಬಿಡಬೇಕು? ಯಾರನ್ನು ಕೇಳುವುದು ತಿಳಿಯದೆ ಸುಮ್ಮನಾದೆ.

ಒಂದು ದಿನ ಸಂಜೆ ನಾಲ್ಕಕ್ಕೆ ಹೊರಗೆ ಬಂದರೆ ಫಕ್ಕೀರವ್ವ ನಮ್ಮ ಹೊಸ್ತಿಲ ಹತ್ತಿರ. ಏನು ಕೆಲಸ ಇಲ್ಲಿ ಅಂತ ಗದರಿಸಿದೆ. ಏನಿಲ್ಲ ಯವ್ವಾ, ನಿಮ್ಮ ಅತ್ತಿ ಬಂದ್ರಲ್ಲ, ಅಂದು ಹೊರಟುಹೋದಳು. ಅತ್ತಿ ಆಗಲೇ ಒಳಗೆ ಬಂದು ನೀರು ಕುಡಿಯುತ್ತಿದ್ದರು. ಹೊಸ್ತಿಲ ತನಕ ಬಂದಳಲ್ಲಪ್ಪ ಈಕೆ, ಅಂತ ನಾನು ಹೊಸ್ತಿಲಿಗೆ ಉಪ್ಪುನೀರು ಹಾಕಿ ತೊಳೆದೆ.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಬ್ಯಾಡಗಿಯಲ್ಲಿ ಶಾಂತಾಳ ಲಗ್ನ ಚೆನ್ನಾಗಿ ಆಯಿತು. ಬದನಿಕಾಯಿ ಪೇಟೆಯಿಂದ ತಂದೆವು. ಅತ್ತಿ ಅಕ್ಷತೆ ಹಾಕುವಾಗ ಅತ್ತರು, ನಕ್ಕರು, ಎಲ್ಲ ಸರಿಯಾಗಿಯೇ ಮಾಡಿದರು. ಒಮ್ಮೆ ಮಾತ್ರ ನನ್ನ ಕಿವಿಯಲ್ಲಿ, ಇದು ಯಾರ ಲಗ್ನ ಅಂತ ಕೇಳಿದ್ದರು. ಗದ್ದಲದಲ್ಲಿ ತಮಾಷೆ ಅಂದುಕೊಂಡೆ. ತೋಟದ ಕೀಲಿಕೈ ಅಕ್ಕೋರಿಗೆ ಕೊಟ್ಟು ಹೋಗಿ, ಐದು ದಿನ ನಾವೆಲ್ಲ ಅಲ್ಲೇ ಇದ್ದು ಬಂದೆವು.

ಬಂದ ಮೇಲೆ ಅಕ್ಕೋರು ಹೇಳಿದರು, ಈ ಐದು ದಿನ ಒಂದೂ ದಾರ ಕಾಣಲಿಲ್ಲವಂತೆ. ಆಗ ಅರಳಿದ ಹೂವೆಲ್ಲ ಕಾಯಿ ಕಟ್ಟಲು ಹತ್ತಿದ್ದವು. ಫಕ್ಕೀರವ್ವ ಓಣಿ ಬಿಟ್ಟು ಎಲ್ಲೂ ಹೋಗಿರಲಿಲ್ಲ. ಲಗ್ನ ಆಗಿಹೋಯಿತಲ್ಲ, ಇನ್ನು ಮಾಟಕ್ಕೆ ಕೆಲಸವಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡೇ ದಿನ. ಮತ್ತೆ ದಾರ ಶುರು. ಲಗ್ನ ಮುಗಿದ ಮೇಲೂ ಯಾರಿಗೆ ಏನು ಬೇಕಾಗಿದೆ? ನನಗೆ ನನ್ನ ತಲೆಯೇ ಕೆಟ್ಟಿದೆಯೇನೋ ಅನಿಸತೊಡಗಿತು.

ಲಗ್ನವಾಗಿ ಎರಡು ವಾರವಾಗಿರಬೇಕು. ಶಾಂತಾಳ ಜಂಪರುಗಳನ್ನು ಹೊಲಿದು ಬ್ಯಾಡಗಿಗೆ ಕೊಟ್ಟು ಬರಲು ಹೊರಟೆ. ಸಂಜೆ ಬರುತ್ತೇನೆ ಅಂತ ಅತ್ತಿಗೆ ಹೇಳಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಶಾಂತಾಳ ಮೈದುನನೇ ಸಿಕ್ಕ, ಗಂಟು ಅವನ ಕೈಯಲ್ಲಿ ಕೊಟ್ಟು ತಿರುಗಿ ಬಂದೆ. ಮೂರು ಗಂಟೆಯ ಬಿಸಿಲು. ಮನೆ ಬಾಗಿಲು ಬರೀ ಎಳೆದಿತ್ತು, ಅತ್ತಿ ಇರಲಿಲ್ಲ. ಮಷಿನ್ ಮೇಲಿನ ಮೊಳೆ ನೋಡಿದೆ. ಕೀಲಿಕೈ ಇಲ್ಲ.

ಅಷ್ಟಾದರೂ ನನಗೆ ಹೊಳೆಯಲಿಲ್ಲ ನೋಡಿ. ಬಗಲಲ್ಲಿ ಕೂಸು ಇಟ್ಟುಕೊಂಡು ಓಣಿಯೆಲ್ಲ ಹುಡುಕಿದರಂತೆ, ಹಾಗಾಗಿತ್ತು ನನ್ನ ಕಥೆ. ಫಕ್ಕೀರವ್ವ ಮನೆಗೇ ನುಗ್ಗಿ ಕೀಲಿಕೈ ಕದ್ದಳು, ಇವತ್ತು ಅವಳ ಜುಟ್ಟು ಹಿಡಿದೇ ಬಿಡುತ್ತೇನೆ ಅಂತ ತೋಟಕ್ಕೆ ಓಡಿದೆ.

ಬದನಿ ಸಾಲಿನಲ್ಲಿ ಕೂತಿದ್ದವರು ನಮ್ಮ ಅತ್ತಿ. ಸೀರೆ ಮೇಲೆತ್ತಿ ಕಟ್ಟಿಕೊಂಡು, ತಲೆಗೆ ಬಿಸಿಲಿಗೆಂದು ವಸ್ತ್ರ ಸುತ್ತಿಕೊಂಡು ಕೂತಿದ್ದರು. ತುಟಿಗಳ ನಡುವೆ ಕೆಂಪು ದಾರದ ತುಂಡುಗಳು. ಎಡಗೈಯಲ್ಲಿ ಮೊಗ್ಗು ಹಿಡಿದು, ಆ ಉದ್ದ ಉಗುರಿನಿಂದ ಎಸಳು ಬಿಡಿಸಿ, ಒಳಗಿನ ಹಳದಿಯನ್ನು ಒಂದೇ ಎಳೆತಕ್ಕೆ ತೆಗೆದು ಒಗೆದು, ಬಾಯಿಂದ ಒಂದು ದಾರ ತೆಗೆದು ತೊಟ್ಟಿಗೆ ಗಂಟು ಹಾಕುವರು. ಮುಂದಿನ ಮೊಗ್ಗು. ನಾನು ಹತ್ತು ವರ್ಷ ಸೂಜಿ ದಾರ ಹಿಡಿದವಳು, ಅಂಥ ಕೈ ನೋಡಿರಲಿಲ್ಲ. ಬೇಲಿಯ ಹೊರಗೆ ಜಾಲಿಗಿಡದ ನೆರಳಿನಲ್ಲಿ ಫಕ್ಕೀರವ್ವ ಕೂತು ಅತ್ತಿಯನ್ನೇ ನೋಡುತ್ತಿದ್ದಳು.

ಅತ್ತಿ ತಲೆಯೆತ್ತಿ ನನ್ನನ್ನು ನೋಡಿದರು. "ಹೊಸಾಕಿ ಏನ ನೀನು? ನಿಂತಿ ಯಾಕ, ಆ ಸಾಲ ಹಿಡಿ. ಅರಳಿದ ಹೂ ಹರದ ಒಗಿ. ನಾಳೆ ಅರಳೂ ಮೊಗ್ಗಿ ಅಷ್ಟ ಬಿಚ್ಚು."

"ಅತ್ತಿ, ನಾನ್ರಿ, ಸುಮಿತ್ರಾ," ಅಂದೆ.

"ಸುಮಿತ್ರಾ. ಹೆಸರ ಚಲೋ ಐತಿ," ಅಂದರು. "ನನ್ನ ಮಗ ಇನ್ನ ಸಣ್ಣಾವ. ದೊಡ್ಡಾವ ಆದ ಮ್ಯಾಲೆ ಅವಗೂ ಇಂಥಾ ಹುಡುಗೀನ ನೋಡಬೇಕು."

ಅಂದು ಮತ್ತೆ ಮೊಗ್ಗಿಗೆ ಕೈ ಹಾಕಿದರು. ನಾನು ಬೇಲಿಯ ಹತ್ತಿರ ಹೋಗಿ ಕೂತೆ.

ಫಕ್ಕೀರವ್ವ ಆ ಕಡೆಯಿಂದ ನಿಧಾನಕ್ಕೆ ಎಲ್ಲ ಹೇಳಿದಳು. ಬೀಜದ ಪ್ಲಾಟಿನ 'ಕ್ರಾಸಿಂಗ್' ಅಂದರೆ ಇದೇ ಕೆಲಸವಂತೆ. ಮಧ್ಯಾಹ್ನದ ಮೇಲೆ ಮೊಗ್ಗು ಬಿಚ್ಚಿ ಒಳಗಿನ ಗಂಡು ಭಾಗ ತೆಗೆಯುವುದು, ಗುರುತಿಗೆ ದಾರ ಕಟ್ಟುವುದು. ಮರುದಿನ ಮುಂಜಾನೆ ಬೇರೆ ತಳಿಯ ಗಂಡು ಹೂವಿನ ಪುಡಿ ತಂದು ಹಚ್ಚುವುದು. ಹಚ್ಚಿದರೆ ಕಾಯಿ, ಇಲ್ಲದಿದ್ದರೆ ಹೂವು ಉದುರುತ್ತದೆ. ಇಪ್ಪತ್ತು ವರ್ಷ ಮಾಡಿದ ಕೈ ಬದನಿ ಮೊಗ್ಗು ಕಂಡರೆ ಸುಮ್ಮನಿರುವುದಿಲ್ಲ. ಅತ್ತಿಗೆ ಮಧ್ಯಾಹ್ನವಾದರೆ ತಾನು ಪ್ಲಾಟಿನಲ್ಲಿದ್ದೇನೆ ಅನಿಸುತ್ತಿತ್ತು. ಬಿಸಿಲು ಇಳಿದರೆ ತಾನಾಗಿಯೇ ಈ ಲೋಕಕ್ಕೆ ಬರುತ್ತಿದ್ದರು, ಪ್ಲಾಟಿಗೆ ಒಯ್ಯುವ ಗಾಡಿಯ ಮಾತೊಂದು ಸಂಜೆಗೂ ಉಳಿದಿರುತ್ತಿತ್ತು, ಮಾಡಿದ್ದು ಮಾತ್ರ ನೆನಪಿರುತ್ತಿರಲಿಲ್ಲ. ಮೊದಲ ದಿನ ದಾರದ ಗಂಟು ನೋಡಿದಾಗಲೇ ಫಕ್ಕೀರವ್ವನಿಗೆ ಅದು ಯಾರ ಕೈ ಅಂತ ತಿಳಿದಿತ್ತು. ತನ್ನ ಹಿತ್ತಲ ಬದನಿ ಹೂ ಬಿಟ್ಟ ಮೇಲೆ, ಈ ಹೂವು ಉದುರದಿರಲಿ ಅಂತ ಅದರ ಪುಡಿ ತಂದು ಅವತ್ತು ಬೆಳಿಗ್ಗೆ ಮೊದಲ ಸಲ ಕದ್ದು ಹಚ್ಚಲು ಬಂದಿದ್ದಳು. ನಾನು ನೋಡಿದ್ದು ಅದನ್ನೇ. ತೋಟಕ್ಕೆ ಬರುವುದಿಲ್ಲ ಅಂದ ಮೇಲೆ ದಿನಾ ಬೇಲಿಯ ಹೊರಗೆ ಕೂತು, ಅತ್ತಿ ದಾರಿ ತಪ್ಪಿ ಎಲ್ಲೋ ಹೋಗದಂತೆ ನೋಡಿಕೊಂಡು, ನಮ್ಮ ಹೊಸ್ತಿಲ ತನಕ ಬಿಟ್ಟು ಹೋಗುತ್ತಿದ್ದಳು. ಆ ಹೊಸ್ತಿಲನ್ನೇ ನಾನು ಉಪ್ಪುನೀರು ಹಾಕಿ ತೊಳೆದಿದ್ದು.

ಅಲ್ಲಾ, ಅವತ್ತೇ ಯಾಕೆ ಹೇಳಲಿಲ್ಲ ನೀನು, ಅಂತ ಕೇಳಿದೆ. ಕೇಳಿದೆ ಏನು, ಅತ್ತುಬಿಟ್ಟೆ.

"ಹೆಂಗ ಹೇಳ್ಲಿ ತಂಗಿ?" ಅಂದಳು. "ನನಗ ಮಾಟಗಾತಿ ಅಂದ್ರ ನಿಲ್ಲೂವಂಥಾ ಲಗ್ನ ಯಾವದೈತಿ? ನನಗೇನ ಮಗಳ ಅದಾಳೇನು? ನಿಮ್ಮ ಅತ್ತೀಗಿ ಹುಚ್ಚಿ ಅಂದಿದ್ರ ಶಾಂತಾನ ಲಗ್ನ ನಿಂತಬಿಡ್ತಿತ್ತು."

ಗಂಡ ಸತ್ತ ವರ್ಷ ಅವಳು ಜ್ವರದಲ್ಲಿ ಪ್ಲಾಟಿಗೆ ಬಂದು ಮೂಲೆಯಲ್ಲಿ ಮಲಗುತ್ತಿದ್ದಳಂತೆ. ಮೇಸ್ತ್ರಿ ಹೊರಗೆ ಹಾಕದಿರಲಿ ಅಂತ ಅತ್ತಿ ತನ್ನ ಸಾಲು ಮುಗಿಸಿ ಅವಳ ಸಾಲನ್ನೂ ಮಾಡುತ್ತಿದ್ದರಂತೆ, ಒಂದು ತಿಂಗಳು. ಅದನ್ನು ಅತ್ತಿ ನಮಗೆ ಯಾರಿಗೂ ಹೇಳಿರಲಿಲ್ಲ. ಅಥವಾ ನಾವು ಕೇಳಿರಲಿಲ್ಲ.

ಅವತ್ತು ಅತ್ತಿಯ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದೆ. ಕಾಣೆಯಾದ ಕೆಂಪು ರೀಲು ಅವರ ಸೊಂಟದ ಚೀಲದಲ್ಲಿತ್ತು, ಜೊತೆಗೆ ನನ್ನ ಮಷಿನ್ ಕೆಳಗೆ ಬಿದ್ದಿದ್ದ ಹಳೇ ಕೆಂಪು ತುಂಡುಗಳೂ. ನಮ್ಮನೆಯವರಿಗೆ ಹೇಳಿದೆ. ಈ ಸಲ ಅವರು ಮಗ್ಗಲು ತಿರುಗಲಿಲ್ಲ. ಓಣಿಗೆ ಹೇಳುವುದೋ ಬೇಡವೋ? ಹೇಳದಿದ್ದರೆ ಫಕ್ಕೀರವ್ವ ಸಾಯುವ ತನಕ ಮಾಟಗಾತಿ. ಹೇಳಿದರೆ ಬ್ಯಾಡಗಿಗೆ ಸುದ್ದಿ ಮುಟ್ಟುತ್ತದೆ, ಶಾಂತಾ ಹೋಗಿ ಇನ್ನೂ ತಿಂಗಳೂ ಆಗಿರಲಿಲ್ಲ. ಫಕ್ಕೀರವ್ವ ಬೇರೆ, ಶಾಂತಾಗ ಒಂದ ಕೂಸಾಗೂ ಮಟ ಬಾಯಿ ಬಿಡಬ್ಯಾಡ ಅಂತ ಕೈ ಮುಗಿದಿದ್ದಳು. ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ಕೊನೆಗೆ ನಮ್ಮನೆಯವರೇ, ಅವ್ವ ಮಾಡಿದ್ದು ಕಳವಲ್ಲ, ಹೇಳು ಅಂದರು.

ಸೋಮವಾರ ಗಿಡದ ಕೆಳಗೆ ಎದ್ದು ನಿಂತೆ. ಕೂಗಾಡುವಾಗ ಸರಾಗವಾಗಿ ಬಂದಿದ್ದ ಮಾತು ಈಗ ಬರಲಿಲ್ಲ. ತೊದಲಿ ತೊದಲಿ, ಹಿಂದುಮುಂದಾಗಿ, ಹೇಗೋ ಹೇಳಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ, ತಪ್ಪಾಯಿತು ಅಂದೆ. ಅತ್ತಿ ಅಲ್ಲೇ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಅಕ್ಕೋರು ಚಾಳೀಸು ಒರೆಸಿಕೊಂಡರು. ಪಾಳಿ ಬರೆಯುವ ವಹಿ ತೆರೆದು, "ಹಂಗಾರ ನಾಳಿಂದ ಮುಂಜಾನೆ ಗಂಡು ಹೂವು ತರೂ ಪಾಳಿ ಯಾರದು, ಹೇಳ್ರಿ. ಫಕ್ಕೀರವ್ವ ಕಲಸ್ತಾಳ," ಅಂದರು.

ಎದುರುಮನೆಯವರು ಮಂಗಳವಾರ ನಂದು ಅಂದರು. ಇನ್ನೊಬ್ಬರು ಬುಧವಾರ ಅಂದರು. ಒಬ್ಬಳು ಎದ್ದುಹೋಗಿ ಬೇಲಿಯ ಹೊರಗೆ ನಿಂತಿದ್ದ ಫಕ್ಕೀರವ್ವನನ್ನು ಒಳಗೆ ಕರೆತಂದು ಕೂರಿಸಿದಳು.

ಮುಂದೆ ಅತ್ತಿ ನಾಲ್ಕು ವರ್ಷ ಇದ್ದರು. ಮಧ್ಯಾಹ್ನ ಅವರು ಮೊಗ್ಗು ಬಿಚ್ಚಿ ದಾರ ಕಟ್ಟುವರು, ಮುಂಜಾನೆ ಓಣಿಯವರು ಪಾಳಿಯ ಮೇಲೆ ಪುಡಿ ಹಚ್ಚುವರು. ಬದನಿಕಾಯಿ ಎಷ್ಟು ಬಂದವೆಂದರೆ ಹಂಚಿ ಸಾಕಾಗುತ್ತಿತ್ತು. ಬ್ಯಾಡಗಿಗೂ ಸುದ್ದಿ ಮುಟ್ಟಿತು. ಶಾಂತಾಳ ಅತ್ತಿ ಒಂದು ದಿನ ಬಸ್ಸಿಳಿದು ಬಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಮೊದಲ ಹೇಳಬಾರದಿತ್ತೇನು ಅಂತ ಚೆನ್ನಾಗಿ ಬೈದು, ಹೋಗುವಾಗ ದಾರ ಕಟ್ಟಿದ ಬದನಿಕಾಯಿ ಒಂದು ಚೀಲ ಒಯ್ದರು.

ಈಗ ಆ ಜಾಗದಲ್ಲಿ ಅಂಗಡಿಗಳಾಗಿವೆ. ಓಣಿಗೆ ಒಂದು ತಾಸು ಕೊಡುತ್ತಿದ್ದೇನೆ, ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡು ತೋಟಕ್ಕೆ ಹೋಗುತ್ತಿದ್ದವಳು ನಾನು. ಆ ತೋಟ ಇಲ್ಲದಿದ್ದರೆ ನಮ್ಮ ಅತ್ತಿ ಹಾದಿಬೀದಿಯಲ್ಲಿ ಹುಚ್ಚಿ ಅನಿಸಿಕೊಳ್ಳುತ್ತಿದ್ದರು. ಗಂಟು ಚಲೋ ಹಾಕ್ಯಾರ ಅಂದ ಆ ಗಳಿಗೆಯಲ್ಲಿ ಅತ್ತಿಗೆ ತನ್ನ ಕೈಯ ಗುರುತು ಸಿಕ್ಕಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ದಿನಾ ಮಧ್ಯಾಹ್ನ ಅವರ ಪಕ್ಕ ಕೂರುತ್ತಿದ್ದೆ. ದಿನಾ ಹೊಸಾಕಿ ಏನ ಅಂತ ಕೇಳುವರು, ದಿನಾ ಮೊದಲಿನಿಂದ ಕಲಿಸುವರು. ಮೂರು ವರ್ಷ ಅವರ ಸೊಸೆಯಾಗಿದ್ದು ಒಂದು ದಿನವೂ ಕೇಳದೇ ಇದ್ದ ಕೆಲಸವನ್ನು, ಅವರು ನನ್ನನ್ನು ಮರೆತ ಮೇಲೆ ಅವರ ಬಾಯಿಂದಲೇ ಕಲಿತೆ.

ಫಕ್ಕೀರವ್ವನ ಹತ್ತಿರ ಕ್ಷಮೆ ಕೇಳಲು ಹೋದಾಗ ಅವಳು ಮಾತು ಮುಗಿಸಗೊಡಲಿಲ್ಲ. ರೀಲು ಕಾಣೆಯಾಗುವ ಮುಂಚೆ ಹೊಲಿಸಲು ತಂದು ಹೊಲಿಸದೇ ಉಳಿದಿದ್ದ ಹರಿದ ಜಂಪರನ್ನು ತಂದು ನನ್ನ ಕೈಗೆ ಕೊಟ್ಟು, ಇದನ್ನ ಹೊಲದ ಕೊಡು ಅಂದಳು. ಹೊಲಿದುಕೊಟ್ಟೆ. ಕೆಂಪು ದಾರದಲ್ಲೇ.